ಶೇರು ಬಿದ್ದ ಬೇಸಿಗೆ

ಬೆಳಕೆಯಿಂದ ಕುಮಟೆಗೆ ಹೋಗುವಾಗ ನಾನು ಬಸ್ಸಿನ ಎಡಗಡೆಯ ಕಿಟಕಿಯನ್ನೇ ಹಿಡಿಯುವುದು. ಬೆಳಗಿನ ಬಿಸಿಲು ಆ ಕಡೆ ಬೀಳುವುದಿಲ್ಲ ಎಂಬುದು ಕೇಳಿದವರಿಗೆ ಹೇಳುವ ಕಾರಣ. ನಿಜವಾದ ಕಾರಣ ಹೊನ್ನಾವರ ಕಳೆದು, ಧಾರೇಶ್ವರ ಕಳೆದ ಮೇಲೆ ಬರುತ್ತದೆ. ಏಪ್ರಿಲ್ ತಿಂಗಳಾದರೆ ಅದು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಒಣಹುಲ್ಲು ಸೇರಿಸಿ ಜಡೆಯಂತೆ ಹೆಣೆದು, ರಸ್ತೆಯ ಬದಿಯಲ್ಲಿ ಗಳಕ್ಕೆ ತೂಗುಹಾಕಿದ ಸಿಹಿ ಈರುಳ್ಳಿಯ ವಾಸನೆ ಅದು. ಅರ್ಧ ಮಣ್ಣಿನದು, ಅರ್ಧ ಸಕ್ಕರೆಯದು. ಮೊನ್ನೆಯೂ ಹಾಗೇ ಆಯಿತು. ತೂಕಡಿಸುತ್ತಿದ್ದವಳಿಗೆ ಆ ವಾಸನೆ ಬಡಿದದ್ದೇ ತಡ, ಎಚ್ಚರವೂ ಆಗದೆ ನಿದ್ದೆಯೂ ಉಳಿಯದೆ, ರಸ್ತೆ ಅಗಲವಾದ ಮಾರನೆಯ ಬೇಸಿಗೆಯೊಳಗೆ ಇಳಿದುಬಿಟ್ಟೆ.

ಆಗ ನಮ್ಮ ಸಂಸಾರ ಹಂದಿಗೋಣದಲ್ಲಿ. ಇವರದು, ಎಂದರೆ ನನ್ನ ಯಜಮಾನರು ಗಣಪತಿಯವರದು, ಮನೆಯ ಎದುರಿಗೇ ಹೆದ್ದಾರಿಗೆ ತಾಗಿದ ಪಂಚರ್ ಅಂಗಡಿ ಇತ್ತು. ರಸ್ತೆ ಅಗಲ ಮಾಡಲು ಬಂದವರು ಅಂಗಡಿಯನ್ನೂ ಅಂಗಳವನ್ನೂ ತುಳಸಿಕಟ್ಟೆಯ ಬುಡದ ತನಕ ತೆಗೆದುಕೊಂಡರು. ಬದಲಿಗೆ ಪರಿಹಾರದ ದುಡ್ಡು ಬಂತು. ಮಗ್ಗುಲಲ್ಲಿ ಉಳಿದ ಒಂದು ಪಟ್ಟಿ ಜಾಗದಲ್ಲಿ ಹೊಸದಾಗಿ ಅಂಗಡಿ ಕಟ್ಟುವುದು, ಗಾಳಿ ತುಂಬುವ ಒಳ್ಳೆಯ ಮಶೀನು ತರುವುದು ಎಂದು ಮನೆಯಲ್ಲಿ ಎಲ್ಲರೂ ಮಾತಾಡಿಕೊಂಡದ್ದೂ ಆಗಿತ್ತು.

ಅಷ್ಟರಲ್ಲಿ ಇವರ ಫೋನಿನ ಯಾವುದೋ ಗುಂಪಿನಲ್ಲಿ ಒಂದು ಕಂಪನಿಯ ಹೆಸರು ಓಡಾಡಲು ಸುರುವಾಯಿತು. ಕರೆಂಟಿನ ಗಾಡಿಗಳಿಗೆ ಹೆದ್ದಾರಿಯುದ್ದಕ್ಕೂ ಚಾರ್ಜ್ ಮಾಡುವ ಕಂಬ ನೆಡುವ ಕಂಪನಿಯಂತೆ. ಇವತ್ತು ಅದರ ಶೇರು ಮೂರು ಕಾಸಿಗೆ ಸಿಗುತ್ತದೆ, ನಾಳೆ ಕೈಗೆ ಸಿಗುವುದಿಲ್ಲ ಎಂದು ಗುಂಪಿನವರ ಮಾತು.

"ರಸ್ತೆ ನಮ್ದನ್ನ ತಿಂದದೆ ಪದ್ಮಾ. ರಸ್ತೆನೇ ವಾಪಸು ಕೊಡ್ತದೆ, ನೋಡ್ತಾ ಇರು," ಎಂದರು ಇವರು.

ಕೇಳಿದ ಕೂಡಲೇ ನನಗೂ ಅದು ನ್ಯಾಯವೇ ಅನ್ನಿಸಿತು. ಪರಿಹಾರದ ಹೆಚ್ಚುಕಡಿಮೆ ಎಲ್ಲ ದುಡ್ಡೂ ಆ ಕಂಪನಿಗೆ ಹೋಯಿತು.

ಮೊದಲ ಎರಡು ತಿಂಗಳು ಅದು ಏರಿದ್ದೇ ಏರಿದ್ದು. ಆ ದಿನಗಳ ಸಂಜೆಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಜಗಲಿಯಲ್ಲಿ ಕೂತು ಇವರು ಕಾರವಾರದಿಂದ ಮಂಗಳೂರಿನ ತನಕ ಕಂಬ ನೆಡುತ್ತ ಹೋಗುತ್ತಿದ್ದರು. ಪ್ರತಿ ಕಂಬದ ತಲೆಯಲ್ಲಿ ಒಂದು ನೀಲಿ ದೀಪ. ಹೊಗೆಯಿಲ್ಲ, ಸದ್ದಿಲ್ಲ, ಗಾಡಿಗಳು ನೀರಿನೊಳಗೆ ಮೀನು ಹೋದ ಹಾಗೆ ಹೋಗುತ್ತವೆ. ಒಂದು ಕಂಬ ನಮ್ಮ ಪಟ್ಟಿ ಜಾಗದಲ್ಲೇ. ಗಾಡಿ ಚಾರ್ಜ್ ಆಗುವ ತನಕ ಅದರಲ್ಲಿದ್ದವರು ಏನು ಮಾಡಬೇಕು? ಚಾ ಕುಡಿಯಬೇಕಲ್ಲ! ನಾನು ಮನಸ್ಸಿನಲ್ಲೇ ಅಲ್ಲೊಂದು ಚಾ ಅಂಗಡಿ ತೆರೆದೆ. ಗೋಡೆಗೆ ಎಳೆಬಾಳೆಯೆಲೆಯ ಬಣ್ಣ ಹೊಡೆಸಿದೆ, ಎರಡು ಬೆಂಚು ಹಾಕಿಸಿದೆ, ಈರುಳ್ಳಿ ಬಜೆ ಕರಿಯುವ ಬಾಣಲೆ ಎಷ್ಟು ದೊಡ್ಡದಿರಬೇಕೆಂದು ಯೋಚಿಸಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಆದರೆ ಹೊಲಿಯುವಾಗಿನ ಆ ಸುಖವನ್ನು ನಾನು ಸುಳ್ಳೆನ್ನಲಾರೆ.

ಬೀಳಲು ಸುರುವಾದದ್ದು ಮದುವೆಗಳ ಕಾಲದಲ್ಲಿ. ಇಂಥ ಶೇರುಗಳಿಗೆ ದಿನಕ್ಕೆ ಇಷ್ಟೇ ಬೀಳಬೇಕೆಂದು ಒಂದು ಕಟ್ಟು ಇರುತ್ತದಂತೆ. ನಮ್ಮದು ಬೆಳಿಗ್ಗೆ ಬಾಜಾರು ತೆರೆದ ಕೂಡಲೇ ಆ ಕಟ್ಟಿನ ತನಕ ಬಿದ್ದು, ಅಲ್ಲೇ ಕೂತುಬಿಡುತ್ತಿತ್ತು. ಮಾರುವವರ ಸಾಲು ಉದ್ದ, ಕೊಳ್ಳುವವರು ಒಬ್ಬರೂ ಇಲ್ಲ. ಮಾರನೇ ದಿನ ಮತ್ತೆ ಅಷ್ಟೇ. ಕಂಪನಿಯವರು ನೆಟ್ಟಿದ್ದೇವೆಂದು ಹೇಳಿದ ಕಂಬಗಳು ನೆಲದ ಮೇಲೆ ಇರಲೇ ಇಲ್ಲ ಎಂದು ಆಮೇಲೆ ಸುದ್ದಿಯಾಯಿತು.

ಒಂದು ಬೆಳಿಗ್ಗೆ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದ ಇವರು ತಮಗೆ ತಾವೇ ಎಂಬಂತೆ, "ಇವತ್ತೂ ಶೇರು ಬಿತ್ತು," ಎಂದರು.

ಒಳಗೆ ಕಾಯಿ ಹೆರೆಯುತ್ತಿದ್ದ ಅತ್ತೆಗೆ ಕಿವಿ ಚುರುಕು. ಅಲ್ಲಿಂದಲೇ ಕೂಗಿದರು: "ಯಾರ ಮನೇದಾ ಗಣಪಾ? ಒಳಗೆ ಬಿತ್ತಾ, ಹೊರಗೆ ಬಿತ್ತಾ?"

ಅವರು ಕೇಳಿದ್ದು ತಮ್ಮ ಲೆಕ್ಕದಲ್ಲಿ ಸರಿಯೇ. ಅಕ್ಕಿ ಅಳೆಯುವ ಸೇರಿಗೆ ನಮ್ಮ ಅತ್ತೆ ಶೇರು ಎಂದೇ ಹೇಳುವುದು. ಕೊಂಕಣಿ, ಮರಾಠಿ ಬೆರೆತ ಹಳೇ ಮಾತು. ಮದುಮಗಳು ಗಂಡನ ಮನೆಗೆ ಬಂದಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಶೇರು ಇಡುತ್ತಾರೆ. ಅವಳು ಅದನ್ನು ಬಲಗಾಲಿನಿಂದ ಒಳಕ್ಕೆ ಕೆಡವಿ ಬರಬೇಕು. ಅಕ್ಕಿ ಒಳಗೆ ಚೆಲ್ಲಿದರೆ ಮನೆ ತುಂಬುತ್ತದೆ. ಹೊರಗೆ ಚೆಲ್ಲಿದರೆ ಊರಿನ ಹೆಂಗಸರು ಬಾಯಲ್ಲಿ ಏನೂ ಹೇಳುವುದಿಲ್ಲ, ಮುಖ ಮುಖ ನೋಡಿಕೊಳ್ಳುತ್ತಾರೆ. ಸೊಸೆ ತುಂಬಿಸಿಕೊಳ್ಳುವ ಹಾಡುಗಳಿಗೆ ನಮ್ಮ ಅತ್ತೆ ಹೆಸರಾದವರು. ಊರಲ್ಲಿ ದಿನಕ್ಕೊಂದು ಮದುವೆ ನಡೆಯುತ್ತಿರುವಾಗ ಶೇರು ಬಿತ್ತೆಂದರೆ ಅವರು ಬೇರೆ ಏನೆಂದುಕೊಳ್ಳಬೇಕು?

ನನಗೆ ನಗು ತಡೆಯಲಾಗಲಿಲ್ಲ. ನಕ್ಕೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವಿನ ನೀರೇ ಅಲ್ಲ ಎಂದು ಗೊತ್ತಾಯಿತು. ಇವರು ಎದ್ದು ಸಮುದ್ರದ ಕಡೆಗೆ ನಡೆದುಬಿಟ್ಟರು.

ಅವತ್ತು ಮಧ್ಯಾಹ್ನ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಹೆಣೆಯುತ್ತಿದ್ದ ಈರುಳ್ಳಿಯ ಜಡೆಯನ್ನು ಮಡಿಲಲ್ಲಿಟ್ಟುಕೊಂಡರು.

"ಕೈಯಲ್ಲಿ ಹಿಡೂಕೆ ಆಗುದಿಲ್ಲ, ಅಳೆಯೂಕೆ ಆಗುದಿಲ್ಲ. ಅದೆಂತಾ ಶೇರು ಮಾರಾಯ್ತಿ?"

"ಅದು ಹಾಗೇ ಅತ್ತೆ. ಫೋನಿನೊಳಗೇ ಇರ್ತದೆ."

"ಪೂರಾ ಬಿತ್ತಾ?"

"ತಳದಲ್ಲಿ ಸ್ವಲ್ಪ ಉಳಿದದೆ."

"ಹಾಗಾರೆ ಆತು," ಎಂದು ಮತ್ತೆ ಹೆಣೆಯಲು ಸುರುಮಾಡಿದರು.

ಅಂದಿನಿಂದ ಅವರಿಗೆ ಅದೊಂದು ರೂಢಿಯೇ ಆಯಿತು. ಬೆಳಿಗ್ಗೆ ಚಾ ಕೊಡುವಾಗ ಮಗನಿಗೆ ದಿನಾ ಕೇಳುವರು: "ಇವತ್ತು ಎಂತ, ಒಳಗಾ ಹೊರಗಾ?" ಕುಹಕವಿಲ್ಲ, ಗಾಬರಿಯೂ ಇಲ್ಲ. ನೆಂಟರ ಮನೆಯ ಬಾಣಂತಿಯನ್ನು ವಿಚಾರಿಸುವ ದನಿ.

ಗದ್ದೆಯಲ್ಲಿ ಭತ್ತ ತೆಗೆದ ಮೇಲೆ ನಾವು ಈರುಳ್ಳಿ ಹಾಕುತ್ತಿದ್ದೆವು. ಆ ವರ್ಷ ಬೆಳೆ ಚೆನ್ನಾಗಿಯೇ ಬಂತು. ಅಂಗಡಿ ಏಳಬೇಕಾಗಿದ್ದ ಪಟ್ಟಿ ಜಾಗದಲ್ಲಿ ನಾನು ನಾಲ್ಕು ಗಳ ನೆಟ್ಟು, ತೆಂಗಿನ ಮಡಲು ಹೊದೆಸಿ, ಗೊಂಚಲು ತೂಗುಹಾಕಿ ಕೂತೆ. ಮಧ್ಯಾಹ್ನದ ಬಿಸಿಲಿಗೆ ಟಾರು ರಸ್ತೆಯ ಮೇಲೆ ನೀರು ನಿಂತಂತೆ ಕಾಣುತ್ತದಲ್ಲ, ಆ ನೀರಿನಾಚೆಯಿಂದ ಗಾಡಿಗಳು ತೇಲಿಕೊಂಡು ಬರುತ್ತಿದ್ದವು. ಗಾಳಿ ಬಂದರೆ ಗೊಂಚಲುಗಳೆಲ್ಲ ಒಟ್ಟಿಗೆ ತಿರುಗಿ ಸಿಪ್ಪೆ ಸರಸರ ಎನ್ನುತ್ತಿತ್ತು. ಕೂತಲ್ಲೇ ಕಣ್ಣು ಮುಚ್ಚಿದರೆ ನನ್ನ ಚಾ ಅಂಗಡಿಯ ಹಸಿರು ಗೋಡೆ ಬೆನ್ನಿಗೆ ತಂಪಾಗಿ ತಾಗುತ್ತಿತ್ತು. ಕಣ್ಣು ಬಿಟ್ಟರೆ ಯಾರೋ ಲಾರಿಯವರು ಕೇಳುತ್ತಿದ್ದರು: "ಅಕ್ಕಾ, ಇಲ್ಲಿದ್ದ ಪಂಚರಿನವರು ಎಲ್ಲಿ ಹೋದ್ರು?"

ಅವರು ಎಲ್ಲಿಯೂ ಹೋಗಿರಲಿಲ್ಲ. ಹಿಂದೆ ಜಗಲಿಯಲ್ಲಿ ಕೂತು ಫೋನು ನೋಡುತ್ತಿದ್ದರು. ಟಯರು ಬಿಚ್ಚುವ ಕಬ್ಬಿಣದ ಪಟ್ಟಿಗಳು, ಕಾಲಲ್ಲಿ ಒತ್ತಿ ಹಿಡಿದು ಕೈಯಿಂದ ಗಾಳಿ ಹೊಡೆಯುವ ಹಳೆಯ ಪಂಪು, ಎಲ್ಲ ಗೋಣಿಚೀಲದಲ್ಲಿ ಕಟ್ಟಿ ಮಂಚದ ಕೆಳಗೆ ಸೇರಿತ್ತು. "ಬಂದ್ ಆಗದೆ," ಎಂದು ಜಗಲಿಯಿಂದಲೇ ಕೈಯಾಡಿಸುತ್ತಿದ್ದರು.

"ಕೊಂಡ ರೇಟಿಗೆ ಬರ್ಲಿ. ಬಂದ ದಿನವೇ ಮಾರ್ತೆ, ಮರುದಿನ ಅಂಗಡಿಗೆ ಪಾಯ ತೋಡ್ತೆ," ಇದೊಂದೇ ಮಾತು. ಕೇಳಿ ಕೇಳಿ ಕೊಂಡರೇಟು ಎಂಬುದು ನನಗೆ ಅಂಕೋಲೆಯ ಆಚೆಗೆಲ್ಲೋ ಇರುವ ಒಂದು ಊರಿನ ಹೆಸರಿನಂತೆ ಕೇಳಿಸತೊಡಗಿತು. ಅಲ್ಲಿಗೆ ಬಸ್ಸು ಇದೆ ಎನ್ನುತ್ತಾರೆ. ಯಾವತ್ತು ಹೊರಡುತ್ತದೆಂದು ಯಾರಿಗೂ ತಿಳಿಯದು. ಮಳೆ ಹಿಡಿದರೆ ರಸ್ತೆಯಲ್ಲಿ ಹೊಂಡ ಬೀಳುತ್ತವೆ, ಪಂಚರಿನವರಿಗೆ ಸುಗ್ಗಿ ಅದೇ. ಅಷ್ಟರೊಳಗೆ ಇವರು ಎದ್ದು ಕೆಲಸ ಹಿಡಿಯದಿದ್ದರೆ ಮತ್ತೆ ಹಿಡಿಯುವುದೇ ಇಲ್ಲ ಎಂಬ ಭಯ ನನಗೆ. ದುಡ್ಡು ಹೋದದ್ದಕ್ಕಿಂತ ಆ ಭಯವೇ ದೊಡ್ಡದಾಗಿತ್ತು.

ಒಮ್ಮೆ ತಡೆಯದೆ ಹೇಳಿದೆ: "ಉಳಿದ ಚೂರನ್ನಾದ್ರೂ ಮಾರಿ, ಮಶೀನು ತರುವಾ."

ಇವರು ಸಿಟ್ಟಾಗಲಿಲ್ಲ. ಬಹಳ ಮೆಲ್ಲಗೆ ಹೇಳಿದರು: "ಮಾರಿದ್ರೆ ಹೋದದ್ದು ಹೋದ ಹಾಗೇ ಆತು ಪದ್ಮಾ. ಇಟ್ಕಂಡ್ರೆ ಇನ್ನೂ ಹೋಗ್ಲಿಲ್ಲ."

ನಿಜ ಹೇಳುವುದಾದರೆ, ನನ್ನ ಗೋಡೆಯ ಹಸಿರು ಬಣ್ಣ ಕೆರೆದು ತೆಗೆಯಲು ನನಗೂ ಮನಸ್ಸಿರಲಿಲ್ಲ.

ಮೇ ತಿಂಗಳ ಕೊನೆಗೆ ನನ್ನ ಮೈದುನ ಸುರೇಶನ ಮದುವೆ ಗೊತ್ತಾಗಿತ್ತು. ಹುಡುಗಿ ರೇವತಿ, ಭಟ್ಕಳದಾಚೆಯ ಬೆಳಕೆಯವಳು. ಮದುವೆ ಅಲ್ಲೇ, ಸಂಜೆ ದೀಪ ಹಚ್ಚುವ ಮೊದಲು ಹುಡುಗಿಯನ್ನು ಹಂದಿಗೋಣದ ಮನೆ ತುಂಬಿಸಿಕೊಳ್ಳಬೇಕು. ಹಿಂದಿನ ದಿನ ಅತ್ತೆ ಹಿತ್ತಾಳೆಯ ಶೇರನ್ನು ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದರು. ನಾನು ನೀರು ಹೊಯ್ಯುತ್ತಿದ್ದೆ. ಇವರು ಎಂದಿನಂತೆ ಜಗಲಿಯ ಮೂಲೆಯಲ್ಲಿದ್ದರು.

"ನೀ ಒದ್ದದ್ದೂ ಇದೇ ಶೇರು," ಎಂದರು ಅತ್ತೆ. "ನಿನ್ನದು ಹೊರಗೆ ಬಿದ್ದಿತ್ತು, ಗೊತ್ತದ್ಯಾ?"

ನನ್ನ ಕೈಯ ತಂಬಿಗೆ ಅಲ್ಲೇ ನಿಂತಿತು. ಮದುವೆಯಾಗಿ ಅಷ್ಟು ವರ್ಷವಾಗಿತ್ತು. ಅಂಥ ಮಾತನ್ನು ಯಾರೂ ನನ್ನ ಕಿವಿಗೆ ಹಾಕಿರಲಿಲ್ಲ.

"ಹೆದರಿ ಕಾಲು ಹಿಂದೆ ಎಳಕಂಡೆ. ಸೀರೆ ಅಂಚು ಸಿಕ್ಕಿ ಶೇರು ಮೆಟ್ಲಿಗೆ ಉರುಳ್ತು. ಫೋಟೋದವನು ಎಲ್ಲರಿಗೂ ಆಚೆ ನೋಡಿ ಅಂತಿದ್ದ, ಯಾರೂ ಕಾಣ್ಲಿಲ್ಲ. ನಾ ಎಂತ ಮಾಡ್ದೆ, ಕೋಳಿ ಬರೂದ್ರೊಳಗೆ ಕೂತ್ಕಂಡು ಸೆರಗಿಗೆ ಬಳ್ಕಂಡೆ. ಒಳಗೆ ತಂದು ಹೊಯ್ದೆ. ಆತಲ್ಲ."

"ಮತ್ತೆ ಇಷ್ಟು ವರ್ಷ ಹೇಳ್ಲಿಲ್ಲ ಅತ್ತೆ?"

"ಹೇಳೂದೆಂತಾ? ಅಕ್ಕಿ ಒಳಗೇ ಅದ್ಯಲ್ಲ! ಉಂಡದ್ದೂ ಆತು."

ಹುಣಸೆಯ ನೀರು ತೊಳೆದಾಗ ಶೇರು ಹೊಸದರಂತೆ ಹೊಳೆಯಿತು. ನಾನು ತಿರುಗಿ ನೋಡಿದೆ. ಇವರ ಕೈಯ ಫೋನು ಕತ್ತಲಾಗಿತ್ತು, ಕಣ್ಣು ಶೇರಿನ ಮೇಲಿತ್ತು.

ಆದರೂ ಮದುವೆಯ ದಿನ ಇವರು ಹೊರಡಲಿಲ್ಲ. ನಮ್ಮ ಮನೆಯಲ್ಲಿ ಗಂಡಿನ ತಾಯಿ ದಿಬ್ಬಣದ ಜೊತೆಗೆ ಹೋಗುವ ಪದ್ಧತಿ ಇಲ್ಲ. ಸೊಸೆಯನ್ನು ತುಂಬಿಸಿಕೊಳ್ಳಲು ಮನೆಯಲ್ಲೇ ಇರಬೇಕು. "ಅವ್ವಿ ಒಬ್ಬಳೇ ಆಗ್ತಾಳೆ, ನಾನೂ ಇರ್ತೆ," ಎಂದರು ಇವರು. ಅಷ್ಟು ಜನರೆದುರು ಯಾರಾದರೂ ಕಂಪನಿಯ ಸುದ್ದಿ ತೆಗೆದರೆ ಎಂಬ ಅಳುಕು ಎಂದು ಎಲ್ಲರಿಗೂ ಗೊತ್ತಿತ್ತು. ಸ್ವಂತ ತಮ್ಮನ ಮದುವೆ. ಸುರೇಶ ಒತ್ತಾಯ ಮಾಡಲಿಲ್ಲ, ಅಣ್ಣನ ಕಾಲು ಮುಟ್ಟಿ ಟೆಂಪೋ ಹತ್ತಿದ. ಬೆಳಕೆಯಲ್ಲಿ ಧಾರೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಹಾಕುವಾಗ ನಾನು ಇವರದೂ ಒಂದು ಮುಷ್ಟಿ ಹಾಕಿದೆ. ನನಗೆ ಅವತ್ತು ಆದ ಬೇಸರ ಅಷ್ಟಿಷ್ಟಲ್ಲ.

ಮಧ್ಯಾಹ್ನ ಊಟ ಮುಗಿಸಿ ಮದುಮಕ್ಕಳನ್ನು ಕೂರಿಸಿಕೊಂಡು ಹೊರಟೆವು. ಹುಡುಗಿಯ ತಂದೆಯೂ ಬಿಟ್ಟುಬರಲು ಜೊತೆಗಿದ್ದರು. ಮುರ್ಡೇಶ್ವರದ ದಾರಿ ಕಳೆದು ಮಂಕಿಯ ಹತ್ತಿರ ಬರುವಾಗ ಟೆಂಪೋದ ಹಿಂದಿನ ಚಕ್ರ ಧಡ್ ಎಂದಿತು. ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲೂ ಗಾಳಿಯಿಲ್ಲ. ರಸ್ತೆ ಅಗಲವಾಗುವ ಮೊದಲು ಅಲ್ಲಿ ಬದಿಗೆ ಪಂಚರಿನ ಗೂಡುಗಳಿದ್ದವು. ಈಗ ಎಲ್ಲ ಎದ್ದುಹೋಗಿ, ಎರಡು ಬದಿಗೂ ಬೋಳು ಮಣ್ಣು. ಹೊತ್ತು ಇಳಿಯುತ್ತಿತ್ತು. ಹುಡುಗಿಯ ಕಣ್ಣಲ್ಲಿ ಆಗಲೇ ನೀರು. ಬಂದ ಗಳಿಗೆ ಸರಿಯಿಲ್ಲ ಎಂದು ಹಿಂದಿನ ಸೀಟಿನಲ್ಲಿ ಯಾರೋ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತ್ತು.

ಸುರೇಶ ಯಾರನ್ನೂ ಕೇಳದೆ ಫೋನು ತೆಗೆದ. "ಅಣ್ಣಾ, ಮಂಕಿಲಿ ಟಯರು ಹೋತು. ನೀ ಬರ್ಬೇಕು." ಅಷ್ಟೇ ಹೇಳಿ ಇಟ್ಟ.

ನಾನು ರಸ್ತೆಬದಿಯ ಗೋಳಿಮರದ ನೆರಳಲ್ಲಿ ನಿಂತು ಉತ್ತರದ ಕಡೆಗೆ ನೋಡುತ್ತಿದ್ದೆ. ಬಾರದಿದ್ದರೆ ಎಂದುಕೊಂಡಾಗಲೆಲ್ಲ ರಸ್ತೆಯಂಚಿನ ತನಕ ಹೋಗಿ ಬರುತ್ತಿದ್ದೆ. ರಸ್ತೆಯ ಮೇಲಿನ ಆ ಹುಸಿ ನೀರಿನಾಚೆಯಿಂದ ಎಷ್ಟೋ ಗಾಡಿಗಳು ತೇಲಿ ಬಂದು ದಾಟಿಹೋದವು. ಆಮೇಲೆ ಒಂದು ಸ್ಕೂಟರು. ಕಾಲ ಬಳಿ ಗೋಣಿಚೀಲ, ಹೆಗಲಿಗೆ ಮಾಲೆಯಂತೆ ಹೊಸ ಟ್ಯೂಬು.

ಇವರು ಯಾರ ಮುಖವನ್ನೂ ನೋಡದೆ ಚಕ್ರದ ಬಳಿ ಕೂತರು. ಅಂಗಿಯ ತೋಳನ್ನೂ ಮಡಿಸಲಿಲ್ಲ. ಆ ಕೈಗಳು ತಮ್ಮ ಕೆಲಸ ಮರೆತಿರಲಿಲ್ಲ. ಗಾಳಿ ಹೊಡೆಯುವ ಸರದಿ ಬಂದಾಗ ಗಂಡಸರೆಲ್ಲ ಕೈ ಹಾಕಿದರು. ಸುರೇಶನಂತೂ ಬಾಸಿಂಗ ಕಟ್ಟಿಕೊಂಡೇ ಪಂಪು ಒತ್ತಿದ, ಒತ್ತಿದಾಗಲೆಲ್ಲ ಬಾಸಿಂಗದ ಮಣಿ ಗಲಗಲ. ಹುಡುಗಿ ಅಳು ಮರೆತು ನಕ್ಕಳು. ಇವರೂ ನಕ್ಕರು. ಆ ಬೇಸಿಗೆಯಲ್ಲಿ ಅವರ ಹಲ್ಲು ಕಂಡದ್ದು ಅದೇ ಮೊದಲು.

"ನಮ್ಮ ಬೆಳಕೆ ಬದಿಗೂ ಒಬ್ಬ ಪಂಚರ್ ಹಾಕುವವ ಇಲ್ಲ ಮಾರಾಯ್ರೇ," ಎಂದರು ಹುಡುಗಿಯ ತಂದೆ. "ರಸ್ತೆಗೆ ತಾಗಿ ನಂದೊಂದು ಚೂರು ಜಾಗ ಅದೆ, ಹಾಗೇ ಬಿದ್ಕಂಡದೆ."

ಇವರು ನಟ್ಟು ಬಿಗಿಮಾಡಿದರು.

ಹೊನ್ನಾವರದ ಸೇತುವೆಗೆ ಬರುವಾಗ ಹೊತ್ತು ಕಂತುವುದರಲ್ಲಿತ್ತು. ಶರಾವತಿ ತುಂಬ ಕೆಂಪು. ಮುಂದೆ ಇವರ ಸ್ಕೂಟರು, ಹಿಂದೆ ನಮ್ಮ ಟೆಂಪೋ. ನೀರಿನ ಬೆಳಕಿನಲ್ಲಿ ಸೇತುವೆಯೂ ಸ್ಕೂಟರೂ ನೆಲಬಿಟ್ಟು ಹೋಗುತ್ತಿರುವಂತೆ ಕಂಡಿತು. ಈ ದಾರಿ ಮುಗಿಯದಿರಲಿ, ಇವರು ಹೀಗೇ ಮುಂದೆ ಹೋಗುತ್ತಿರಲಿ, ನಾನು ಹಿಂದಿನಿಂದ ನೋಡುತ್ತಿರಲಿ ಎಂದು ಆಸೆಯಾಯಿತು.

ಮನೆ ಮುಟ್ಟಿದಾಗ ಅತ್ತೆ ಹೊಸ್ತಿಲ ಮೇಲೆ ಶೇರು ಇಟ್ಟು ಹಾಡಲು ನಿಂತಿದ್ದರು. ದೀಪ ಇನ್ನೂ ಹಚ್ಚಿರಲಿಲ್ಲ. ರೇವತಿ ಬಲಗಾಲು ಎತ್ತಿದಳು. ದಾರಿಯ ಪಿಸುಮಾತು ಮನಸ್ಸಿನಲ್ಲಿತ್ತೋ ಏನೋ, ಕಾಲು ನಡುಗಿತು. ಬೆರಳು ಶೇರಿನ ಕಂಠಕ್ಕೆ ತಾಗಿ ಅದು ಗರ್ರನೆ ತಿರುಗಿ ಮೆಟ್ಟಿಲ ಕಡೆಗೇ ಉರುಳಿತು. ಅಕ್ಕಿಯೆಲ್ಲ ಹೊರಗೆ. ಅತ್ತೆಯ ಹಾಡು ನಡುವೆಯೇ ನಿಂತಿತು. ಈ ಸಲ ಆಚೆ ನೋಡಿ ಎನ್ನುವ ಫೋಟೋದವನೂ ಇರಲಿಲ್ಲ. ಎಲ್ಲರೂ ನೋಡಿದ್ದರು. ಹುಡುಗಿ ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು.

ಆಗ ಗುಂಪಿನ ಹಿಂದಿನಿಂದ ಇವರು ಬಂದರು. ಮೆಟ್ಟಿಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಗ್ರೀಸು ಮೆತ್ತಿದ ಎರಡೂ ಕೈಯಿಂದ ಅಕ್ಕಿಯನ್ನು ಬಳಿಬಳಿದು ಶೇರಿಗೆ ತುಂಬಿದರು. ಬೆರಳು ಆಡಿದಲ್ಲೆಲ್ಲ ಅಕ್ಕಿ ಕಪ್ಪಾಗುತ್ತಿತ್ತು. ತುಂಬಿದ್ದನ್ನು ಹೊಸ್ತಿಲೊಳಗೆ ಪೂರ್ತಿ ಸುರಿದು, ತಲೆಯೆತ್ತಿ ತಾಯಿಯನ್ನು ನೋಡಿದರು.

"ಶೇರು ಬಿತ್ತು ಅವ್ವಿ," ಎಂದರು. "ಒಳಗೆ."

ಅತ್ತೆ ನಿಲ್ಲಿಸಿದಲ್ಲಿಂದಲೇ ಹಾಡು ಎತ್ತಿಕೊಂಡರು. ರೇವತಿ ಆ ಕರಿ ಅಕ್ಕಿ ತುಳಿದು ಒಳಗೆ ಬಂದಳು. ಮರುದಿನ ಅದನ್ನು ತೊಳೆದು ಅನ್ನ ಮಾಡಿದೆವು. ಎಷ್ಟು ತೊಳೆದರೂ ಗ್ರೀಸಿನ ಒಂದು ಸಣ್ಣ ವಾಸನೆ ಉಳಿದೇ ಇತ್ತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ಮೊದಲ ಮಳೆ ಬೀಳುವಾಗ ಇವರು ಬೆಳಕೆಯಲ್ಲಿ, ಹುಡುಗಿಯ ತಂದೆಯ ಜಾಗದಲ್ಲಿ, ಮಡಲಿನ ಮಾಡಿನ ಕೆಳಗೆ ಕೈಪಂಪು ಇಟ್ಟುಕೊಂಡು ಕೂತಾಗಿತ್ತು. ಮಶೀನು ಆಮೇಲೆ ಬಂತು, ನಾನೂ ಮಕ್ಕಳೂ ಆಮೇಲೆ ಅಲ್ಲಿಗೇ ಹೋದೆವು, ಅತ್ತೆ ಮಾತ್ರ ಸುರೇಶ, ರೇವತಿಯರ ಜೊತೆ ಹಂದಿಗೋಣದಲ್ಲೇ ಉಳಿದರು. ಪಕ್ಕದಲ್ಲಿ ನನ್ನದೊಂದು ಚಾ ಅಂಗಡಿಯೂ ಇದೆ. ಬಣ್ಣ ಎಳೆಬಾಳೆಯೆಲೆಯದೇ, ಬೆಂಚು ಮಾತ್ರ ಒಂದೇ. ಉಳಿದ ಶೇರುಗಳನ್ನು ಇವರು ಮಾರಲಿಲ್ಲ. ಈಗ ಮಾರುತ್ತೇವೆಂದರೂ ಆಗುವುದಿಲ್ಲವಂತೆ, ಅದರ ವ್ಯವಹಾರವನ್ನೇ ನಿಲ್ಲಿಸಿದ್ದಾರಂತೆ. ಆದರೂ ಒಮ್ಮೊಮ್ಮೆ ಬೆಳಿಗ್ಗೆ ಕೈಯ ಮಸಿ ಒರೆಸಿಕೊಂಡು ಫೋನು ತೆರೆದು ನೋಡುತ್ತಾರೆ, ನಾನು ಬೇಡವೆನ್ನುವುದಿಲ್ಲ. ಈಚೆಗೆ ಭಟ್ಕಳದ ದಾರಿಯಲ್ಲಿ ಒಂದು ಹೋಟೆಲಿನೆ‌ದುರು ಬೇರೆ ಯಾರೋ ಚಾರ್ಜಿನ ಕಂಬ ನೆಟ್ಟಿದ್ದಾರೆ. ನೀಲಿ ದೀಪವೇ. ಸ್ಕೂಟರು ನಿಲ್ಲಿಸಿ ಇಬ್ಬರೂ ಬಹಳ ಹೊತ್ತು ಅದನ್ನು ನೋಡಿದೆವು.

ಮೊನ್ನೆ ಬಸ್ಸು ಇಳಿದು ಮನೆಗೆ ಹೋದರೆ ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಈರುಳ್ಳಿ ಹೆಣೆಯುತ್ತಿದ್ದರು. ರೇವತಿ ಬೆಲ್ಲ, ನೀರು ತಂದಿಟ್ಟಳು. ಮೊಮ್ಮಕ್ಕಳ ಸುದ್ದಿ, ಊರ ಮದುವೆಗಳ ಸುದ್ದಿ ಎಲ್ಲ ಆಯಿತು. ಆಮೇಲೆ ಜಡೆಯಿಂದ ಕಣ್ಣೆತ್ತದೆ ಕೇಳಿದರು:

"ಗಣಪನ ಆ ಶೇರು ಎಂತ ಆತು?"

"ಇನ್ನೂ ಹೊರಗೇ ಬಿದ್ದದೆ ಅತ್ತೆ."

ಅತ್ತೆ ಹುಲ್ಲಿನ ಎಳೆಯೊಂದನ್ನು ಹಲ್ಲಲ್ಲಿ ಕಚ್ಚಿ ಬಿಗಿಯಾಗಿ ಗಂಟು ಹಾಕಿದರು.

"ಬಿದ್ದಿರ್ಲಿ. ಕೋಳಿ ತಿನ್ನದ ಹಾಗೆ ನೋಡ್ಕಳಿ."